ತಂಗಡಿ ಹೂವು ಒಳಗ, ತಂದಾಕಿ ಹೊರಗ

ನಮ್ಮ ಮನಿ ಗೇಟಿನ ಬಾಜೂಕ ಒಂದು ತಂಗಡಿ ಗಿಡ ಐತ್ರಿ. ಈಗ ನಾಕು ವರ್ಷದ್ದು. ನನ್ನ ಎತ್ತರಕ್ಕಿಂತ ಒಂದು ಗೇಣು ಹೆಚ್ಚಿಗಿ ಬೆಳದೈತಿ. ಮಳಿಗಾಲ ಮುಗೀತಂದ್ರ ಎಲಿ ಕಾಣದಂಗ ಹಳದಿ ಹೂ ಬಿಡತೈತಿ. ಹೋಗೋರು ಬರೋರು ನಿಂತು, “ಇದನ್ನ ಯಾವ ನರ್ಸರಿಯಿಂದ ತಂದ್ರಿ?” ಅಂತ ಕೇಳ್ತಾರ. ರೈಲು ಹಳಿ ದಂಡಿಗುಂಟ, ಗುಡ್ಡದ ಬಡ್ಡ್ಯಾಗ, ಹಾಳು ಬಿದ್ದ ಹೊಲದಾಗ ತಾನ ಬೆಳೆಯೋ ಗಿಡ ಇದು ಅಂದ್ರ ನಂಬೋದಿಲ್ಲ.

ಆದ್ರ ಇದನ್ನ ಹಚ್ಚಿದ ದಿನ ನಮ್ಮ ಅತ್ತಿಯವರಿಗೆ ಸಿಟ್ಟು ಬಂದಿತ್ತು. “ಅಲ್ಲವಾ, ಇದು ತೊಗಲು ಹದಾ ಮಾಡೋ ಗಿಡ. ಇದನ್ನ ಯಾರರ ಮನಿ ಮುಂದ ಹಚ್ತಾರೇನು? ತುಳಸಿ ಹಚ್ಚು, ದಾಸಾಳ ಹಚ್ಚು, ಬ್ಯಾಡ ಅಂದವರ್ಯಾರು?” ಅಂದ್ರು.

“ಅತ್ತಿಯವ್ರ, ದೀಪಾವಳಿಗೆ ಇದ ಹೂವು ಪಾಂಡವರಿಗೆ ಏರಸ್ತೀವಲ್ರಿ?” ಅಂದೆ.

“ಅದು ಬ್ಯಾರೆ, ಇದು ಬ್ಯಾರೆ” ಅಂದು ಒಳಗ ಹೋದ್ರು.

ಆ ಮಾತು ನನ್ನ ತಲಿಯೊಳಗ ಕುಂತುಬಿಡ್ತು. ಒಂದ ಗಿಡ. ಹೂವು ದೇವರಿಗೆ ಬೇಕು, ತೊಗಟಿ ಹೊಲಸು. ಹೆಂಗಾತು ಇದು? ನಾ ಓದಿದ್ದು ಪಿಯುಸಿ ತನಕ. ಇತಿಹಾಸ ಅಂದ್ರ ನಮಗ ರಾಜರು, ಯುದ್ಧ, ಇಸವಿ. ಒಂದು ಗಿಡಕ್ಕ ಇತಿಹಾಸ ಇರತೈತಿ ಅಂತ ಯಾರೂ ಹೇಳಿರಲಿಲ್ಲ. ಮಗಳು ತಂದುಕೊಟ್ಟ ಪುಸ್ತಕ ಓದಿ, ತವರಮನಿ ಕಡೆ ಹಿರಿಯರನ್ನ ಕೇಳಿ, ತಿಳಿದಷ್ಟನ್ನ ಇಲ್ಲಿ ಬರೀತೀನಿ. ಕಡೀಕ ಗಿಡ ಹೆಂಗ ಬೆಳಸಬೇಕು ಅನ್ನೋದನ್ನೂ ಹೇಳ್ತೀನಿ, ಯಾಕಂದ್ರ ನಾ ಎರಡು ಸಲ ಸೋತು ಕಲತದ್ದು ಅದು.

ಮೊದಲು ಹೆಸರು. ನಮ್ಮ ಕಡೆ ತಂಗಡಿ. ಮೈಸೂರು ಸೀಮಿ ಕಡೆ ಆವರಿಕೆ. ತೆಲುಗಿನವರು ತಂಗೇಡು ಅಂತಾರ, ತಮಿಳರು ಆವಾರಂ, ಮರಾಠಿಯವರು ತರವಡ. ಸಿಂಹಳದವರು ರಣವರ ಅಂತಾರ. 1753ರಾಗ ಲಿನೇಯಸ್ ಅನ್ನೋ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞರು ಇದಕ್ಕ ಕ್ಯಾಸಿಯಾ ಆರಿಕ್ಯುಲೇಟಾ ಅಂತ ಹೆಸರಿಟ್ರು. ಈಗ ಸೆನ್ನಾ ಆರಿಕ್ಯುಲೇಟಾ ಅಂತಾರ. ಆರಿಕ್ಯುಲೇಟಾ ಅಂದ್ರ ಕಿವಿ ಇದ್ದದ್ದು. ಗಿಡದ ಹತ್ರ ಹೋಗಿ ನೋಡ್ರಿ, ಎಲಿದೇಟು ಕಾಂಡಕ್ಕ ಕೂಡೋ ಜಾಗಾದಾಗ ಎರಡೂ ಕಡೆ ಸಣ್ಣ ಕಿವಿಯಂಥ ಎಲಿ ಇರತಾವು. ಹಳದಿ ಹೂ ಬಿಡೋ ಇಂಥಾ ಜಾತಿ ಗಿಡ ಭಾಳ ಅದಾವು, ನೋಡಾಕ ಎಲ್ಲಾ ಒಂದ ನಮೂನಿ. ಆ ಕಿವಿ ಇದ್ರ ಅದು ಖರೇ ತಂಗಡಿ ಅಂತ ಗುರ್ತು ಹಿಡೀಬಹುದು.

ಇದು ಹೊರಗಿನಿಂದ ಬಂದ ಗಿಡ ಅಲ್ಲ. ನಮ್ಮ ಮನಿ ಮುಂದ ನಾವು ಹಚ್ಚೋ ಹಳದಿ ಹೂವಿನ ಗಿಡದಾಗ ಭಾಳಷ್ಟು ಅಮೆರಿಕಾ ಖಂಡದಿಂದ ಬಂದವು. ಅಲಮಂಡಾ ಅಲ್ಲಿಂದು, ಗಂಟಿ ಹೂವಿನ ಟೆಕೋಮಾ ಅಲ್ಲಿಂದು, ಹಳದಿ ಕಣಗಿಲಿನೂ ಅಲ್ಲಿಂದ. ತಂಗಡಿ ಮಾತ್ರ ಇದ ಮಣ್ಣಿಂದು, ಒಣ ನಾಡಿಂದು. ಸುಮಾರು 2000 ವರ್ಷದ ಹಿಂದಿನ ತಮಿಳಿನ ಸಂಗಂ ಕವಿತೆಗಳೊಳಗ ಇದರ ಹೆಸರು ಐತಿ. ಕುರುಂತೊಗೈ ಅನ್ನೋ ಸಂಕಲನದಾಗ ಬರೋ ಒಂದು ಪದ್ಧತಿ ಓದಿ ನಂಗ ನಗಿನೂ ಬಂತು, ಕಣ್ಣಾಗ ನೀರೂ ಬಂತು. ಮೆಚ್ಚಿದ ಹುಡುಗಿ ಸಿಗದಿದ್ರ ಹುಡುಗ ತಾಳಿಮರದ ಗರಿಯಿಂದ ಕುದರಿ ಮಾಡಿಸಿ, ಅದಕ್ಕ ತಂಗಡಿ ಹೂವಿನ ಮಾಲಿ ಹಾಕಿ, ಅದರ ಮ್ಯಾಲೆ ಕುಂತು ಊರ ಬೀದ್ಯಾಗ ಹೋಗತಿದ್ದನಂತ. ಊರಿಗೆಲ್ಲಾ ಗೊತ್ತಾಗಲಿ, ಮರ್ಯಾದಿ ಹೋದ್ರ ಹೋಗಲಿ ಅಂತ. ಮಲ್ಲಿಗಿ ಹಾಕಲಿಲ್ಲ ನೋಡ್ರಿ, ದಾರಿ ದಂಡ್ಯಾಗಿನ ತಂಗಡಿ ಹಾಕಿದ.

ಈಗಲೂ ತಮಿಳುನಾಡಿನಾಗ ಪೊಂಗಲ್ ಮುಂದ ಬೇವಿನ ಎಲಿ ಜೋಡಿ ಆವಾರಂ ಹೂ ಸೇರಿಸಿ ಮನಿ ಬಾಗಲಕ್ಕ, ಸೂರಿಗೆ ಕಟ್ಟತಾರ. ತೆಲಂಗಾಣದಾಗ ಬತುಕಮ್ಮ ಹಬ್ಬಕ್ಕ ತಾಟಿನ ಮ್ಯಾಲೆ ಹೂವು ಸುತ್ತಾಗಿ ಏರಿಸಿ ಗೋಪುರ ಮಾಡತಾರ. ಅದರಾಗ ಮುಖ್ಯ ಹೂವು ಎರಡು, ತಂಗೇಡು ಮತ್ತ ಗುನುಗು. ಗುನುಗು ಅಂದ್ರ ನಮ್ಮ ಅಣ್ಣಿ ಹೂವು. ನಮ್ಮ ತವರಮನಿ ದೀಪಾವಳಿಗೂ ಅವ ಎರಡು ಹೂವು ಬೇಕಾಗತಿದ್ದವು! ಭಾಷಾ ಬ್ಯಾರೆ, ಹಬ್ಬ ಬ್ಯಾರೆ, ಮಳಿ ಮುಗಿದ ಮ್ಯಾಲೆ ಹೊಲದ ಬದುವಿನಾಗ ಅರಳೋ ಹೂವು ಒಂದ. 2014ರಾಗ ತೆಲಂಗಾಣ ಹೊಸಾ ರಾಜ್ಯ ಆದ ಮ್ಯಾಲೆ ಕಮಲ, ಗುಲಾಬಿ ಬಿಟ್ಟು ತಂಗೇಡನ್ನ ರಾಜ್ಯದ ಹೂವು ಅಂತ ಆರಿಸಿಕೊಂಡ್ರು.

ಇಷ್ಟು ಹೂವಿನ ಕತಿ ಆತು. ಈಗ ತೊಗಟಿ ಕತಿ.

ನಾ ಸಣ್ಣಾಕಿ ಇದ್ದಾಗ, ರಾಣೆಬೆನ್ನೂರ ಕಡೆ ನಮ್ಮ ಊರಾಗ, ದೀಪಾವಳಿ ಪಾಡ್ಯದ ದಿನ ಬೆಳಕು ಹರಿಯೋದ್ರಾಗ ಒಬ್ಬಾಕಿ ಮುದುಕಿ ಬುಟ್ಟಿ ತುಂಬ ತಂಗಡಿ ಹೂವು ತರತಿದ್ಲು. ನಾವು ಹುಡುಗರು ಆಕಿಗೆ ತಂಗಡೆವ್ವ ಅಂತಿದ್ವಿ. ಆಕಿ ಗೇಟು ದಾಟಿ ಒಳಗ ಬರತಿರಲಿಲ್ಲ. ಹೊರಗಿನ ಕಟ್ಟಿ ಮ್ಯಾಲೆ ಹೂವು ಸುರುವಿ ಹಿಂದಕ್ಕ ಸರಿದು ನಿಲ್ಲತಿದ್ಲು. ನಮ್ಮ ಅಮ್ಮ, ಅಂದ್ರ ಅಪ್ಪನ ತಾಯಿ, ಆ ಹೂವಿನ ಮ್ಯಾಲೆ ನೀರು ಚಿಮಕಿಸಿ ಒಳಗ ತಗೊಂಡು ಹೋಗಿ, ಸಗಣಿ ಪಾಂಡವರ ತಲಿ ಮ್ಯಾಲೆ ಏರಸತಿದ್ಲು. ಆಮ್ಯಾಲೆ ಒಂದು ಮರ ಜ್ವಾಳ ತಂದು ತಂಗಡೆವ್ವನ ಸೆರಗಿನಾಗ ಮ್ಯಾಲಿಂದ ಸುರೀತಿದ್ಲು. ಮರ ಸೆರಗಿಗೆ ತಾಕಬಾರದು.

ಒಂದು ವರ್ಷ ನಾ ಓಡಿ ಹೋಗಿ ಆಕಿ ಕೈಯಿಂದನ ಹೂವು ಇಸಗೊಂಡೆ. ಆಕಿ ಬೆರಳು ಕೆಂಪಗಿದ್ದವು. “ಯವ್ವಾ, ನೀನೂ ಮದರಂಗಿ ಹಚ್ಚಿಯೇನ?” ಅಂತ ಕೇಳಿದೆ. ಆಕಿ ನಕ್ಕು ಏನೋ ಹೇಳಾಕ ಬಂದ್ಲು. ಅಷ್ಟ್ರಾಗ ಅಮ್ಮ ನನ್ನ ರಟ್ಟಿ ಹಿಡಿದು ಎಳಕೊಂಡು ಹೋಗಿ ತಲಿ ಮ್ಯಾಲೆ ತಣ್ಣೀರು ಹೊಯ್ದ್ಲು. ಹಬ್ಬದ ಎಣ್ಣಿ ಸ್ನಾನ ಆಗಲೇ ಆಗಿತ್ತು, ಇದು ಎರಡನೇ ಸ್ನಾನ. ಯಾಕ ಅಂತ ಕೇಳಬಾರದು, ಹೇಳೋದೂ ಇಲ್ಲ.

ಆ ಕೆಂಪು ಬಣ್ಣ ಏನು ಅಂತ ತಿಳಿಯಾಕ ನಂಗ ನಲವತ್ತು ವರ್ಷ ಬೇಕಾತು.

ತಂಗಡಿ ತೊಗಟ್ಯಾಗ ಟ್ಯಾನಿನ್ ಅನ್ನೋ ಒಗರು ಅಂಶ ಐತಿ, ನೂರಕ್ಕ 15ರಿಂದ 20 ಪಾಲು. ನಾವು ಕುದಿಸಿ ಕುದಿಸಿ ಕೆಡಿಸಿದ ಚಹಾದಾಗ ನಾಲಿಗಿ ಜಗ್ಗತೈತಲ್ಲ, ಅದ ಒಗರು. ಹಸಿ ತೊಗಲು ಎರಡು ದಿನಕ್ಕ ಕೊಳತು ಹೋಗೋ ವಸ್ತು. ಅದನ್ನ ಸುಣ್ಣದ ನೀರಿನ ಕುಣಿಯೊಳಗ ನೆನೆಹಾಕಿ ಕೂದಲು ತೆಗೀತಾರ, ಮಾಂಸ ಕೆರೀತಾರ, ಸುಣ್ಣ ಹೋಗೋ ಹಂಗ ತೊಳೀತಾರ. ಆಮ್ಯಾಲೆ ಜಜ್ಜಿದ ತಂಗಡಿ ತೊಗಟಿ ನೀರಿನಾಗ ವಾರಗಟ್ಟಲೆ ಇಡತಾರ. ಒಗರು ಒಳಗಿಳಿದು ತೊಗಲಿನ ಎಳಿ ಎಳಿಗೂ ಕಚ್ಚಿಕೊಳ್ಳತೈತಿ. ಮುಂದ ಅದು ಕೊಳೆಯೋದಿಲ್ಲ, ಮೆತ್ತಗ ಉಳೀತೈತಿ. ತಂಗಡಿಯಿಂದ ಹದಾ ಮಾಡಿದ ತೊಗಲಿಗೆ ಒಂದು ಗುಣ ಐತಿ. ಮೊದಲಿಗೆ ತಿಳಿ ಬಣ್ಣ ಇರತೈತಿ, ಬಿಸಿಲಿಗೆ ಬಿದ್ರ ಕೆಂಪಗಾಗತೈತಿ. ಅದನ್ನ ತಡೀಲಿಕ್ಕೆ ಕಡೀಕ ಅಳಲೆಕಾಯಿ ನೀರಿನಾಗ ಅದ್ದತಿದ್ರು.

ಅದನ್ನ ಓದಿದಾಗ ನಂಗ ತಂಗಡೆವ್ವನ ಬೆರಳು ನೆನಪಾದವು. ಅದು ಮದರಂಗಿ ಅಲ್ಲ. ವರ್ಷಗಟ್ಟಲೆ ಆ ನೀರಿನಾಗ ಕೈ ಅದ್ದಿದ್ದ ಬಣ್ಣ ಅದು.

ಆಕಿ ಕೇರಿಯವರು ಹದಾ ಮಾಡಿದ ತೊಗಲು ಎಲ್ಲಿ ಹೋಗತಿತ್ತು? ನಮ್ಮ ಮನಿಗೇ ಬರತಿತ್ತು. ಎತ್ತಿನ ಕೊಳ್ಳಿನ ಜತಗಿ, ಮಿಣಿ, ಅಪ್ಪನ ಬಾರಕೋಲು, ಕಾಲಾಗಿನ ಚಪ್ಪಲಿ, ಜಾತ್ರ್ಯಾಗ ಬಡಿಯೋ ಹಲಗಿ. ಮೋಟಾರು ಬರೋಕ್ಕಿಂತ ಮೊದಲು ಕಪಲಿ ಬಾವಿಯಿಂದ ನೀರೆತ್ತತಿದ್ದದ್ದು ತೊಗಲಿನ ದೊಡ್ಡ ಚೀಲದಾಗ. ಆ ನೀರು ಕುಡಿದು ಬೆಳೆದ ಜ್ವಾಳ ಒಳಗ, ಆ ಚೀಲ ಹೊಲಿದಾಂವ ಹೊರಗ. ಆ ಗಿಡದ ಒಗರು ಇಲ್ಲದ ನಮ್ಮ ಒಕ್ಕಲತನ ಒಂದು ದಿನ ಸಾಗತಿರಲಿಲ್ಲ.

ಇನ್ನ, ಇದು ನಮ್ಮ ಹಳ್ಳಿಗೆ ಅಷ್ಟ ಸೀಮಿತ ಆಗಿದ್ದ ಕಸುಬಲ್ಲ. 19ನೇ ಶತಮಾನದಾಗ ಮದ್ರಾಸ್ ಪ್ರಾಂತ್ಯದಿಂದ ತಂಗಡಿ ತೊಗಟಿಯಿಂದ ಹದಾ ಮಾಡಿದ ತೊಗಲು ಹಡಗು ಏರಿ ಲಂಡನ್ನಿಗೆ ಹೋಗತಿತ್ತು. ಅಲ್ಲಿ ಅದನ್ನ ಈಸ್ಟ್ ಇಂಡಿಯಾ ಕಿಪ್ಸ್ ಅಂತ ಕರೀತಿದ್ರು. ದಿಂಡಿಗಲ್, ತಿರುಚಿರಾಪಳ್ಳಿ, ಆಂಬೂರು, ವಾಣಿಯಂಬಾಡಿ ಇವೆಲ್ಲಾ ಹದಕ್ಕ ಹೆಸರಾದ ಊರು. ಮೊದಲನೇ ಮಹಾಯುದ್ಧದಾಗ ಬ್ರಿಟಿಷ್ ಸೈನಿಕರ ಬೂಟಿಗೆ ಈ ತೊಗಲು ಬೇಕಾಗಿ ಸರ್ಕಾರನ ಮುಂದ ನಿಂತು ಕೊಂಡಿತು. ದೊರಿಗಳ ಕಾಲಾಗೂ ತಂಗಡಿ ಹೋತು. ಆದ್ರ ಗುಡ್ಡ ಅಲೆದು ಗಿಡ ಕಡಿದು, ತೊಗಟಿ ಸುಲಿದು, ಹೊರಿ ಕಟ್ಟಿ ತಂದವರ ಹೆಸರು ಯಾವ ಪುಸ್ತಕದಾಗೂ ನಂಗ ಸಿಗಲಿಲ್ಲ.

ಮುಂದ ಕಾಲ ಬದಲಾತು. ಕ್ರೋಮಿಯಂ ಉಪ್ಪಿನಿಂದ ತೊಗಲು ಹದಾ ಮಾಡೋ ವಿದ್ಯಾ 1880ರ ದಶಕದಾಗ ಅಮೆರಿಕಾದಾಗ ಹುಟ್ಟಿತು. ವಾರಗಟ್ಟಲೆ ಹಿಡಿಯೋ ಕೆಲಸ ಅದರಾಗ ಒಂದೆರಡು ದಿನಕ್ಕ ಮುಗೀತೈತಿ. ಆಲ್ಫ್ರೆಡ್ ಚಾಟರ್ಟನ್ ಅನ್ನೋರು 1903ರ ಸುಮಾರಿಗೆ ಮದ್ರಾಸಿನಾಗ ಅದರ ಪ್ರಯೋಗ ಶುರು ಮಾಡಿದ್ರು. ನೀರಿನಾಗ ಬೇಗ ಕೆಡದ ತೊಗಲು ಅಂತ ಕಪಲಿ ಚೀಲಕ್ಕೂ ಅದನ್ನ ಬಳಸಿದ್ರು. ಅದ ಚಾಟರ್ಟನ್ ಮುಂದ ಮೈಸೂರು ಸಂಸ್ಥಾನದ ಕೈಗಾರಿಕೆ ಇಲಾಖೆಗೆ ಬಂದ್ರು, ವಿಶ್ವೇಶ್ವರಯ್ಯನವರು ದಿವಾನರಿದ್ದ ಕಾಲಕ್ಕ. ಇನ್ನೊಂದು ಕಡೆ ದಕ್ಷಿಣ ಆಫ್ರಿಕಾದಿಂದ ವ್ಯಾಟಲ್ ಅನ್ನೋ ಮರದ ತೊಗಟಿ ಹಡಗಿನಾಗ ಬರಾಕ ಹತ್ತಿತು. ದೊಡ್ಡ ಮರ, ಹೆಚ್ಚು ತೊಗಟಿ. ಗುಡ್ಡ ಅಲೆದು ತಂಗಡಿ ಸುಲಿಯೋ ಕೆಲಸಕ್ಕ ಬೆಲಿ ಕಮ್ಮಿ ಆಗತಾ ಬಂತು. 1948ರಾಗ ಮದ್ರಾಸಿನಾಗ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಶುರುವಾತು, ಕಸುಬು ಕಾರ್ಖಾನಿ ಆತು.

ಹೊಸಾದು ಬಂದಿದ್ದರಿಂದ ಎಲ್ಲಾ ಸುಖ ಆತು ಅಂತಲ್ಲ. ವೆಲ್ಲೂರು ಕಡೆ ಪಾಲಾರ್ ಹೊಳಿ ಬಾಜೂದ ಊರುಗಳ ಬಾವಿ ನೀರು ತೊಗಲು ಕಾರ್ಖಾನಿಗಳ ಹೊಲಸಿನಿಂದ ಕೆಟ್ಟು ಹೋಗಿ, ಜನ ಸುಪ್ರೀಂ ಕೋರ್ಟಿಗೆ ಹೋದ್ರು. 1996ರಾಗ ಕೋರ್ಟು ಕೆಡಿಸಿದವರ ಖರ್ಚು ಕೊಡಬೇಕು ಅಂತ ತೀರ್ಪು ಕೊಟ್ಟಿತು. ಹಳೇ ಕುಣಿಯಾಗೂ ನಾತ ಇತ್ತು, ಸುಣ್ಣಕ್ಕ ಕೈ ಸುಡತಿತ್ತು. ಹಳೇದು ಛಲೋ ಇತ್ತು ಅಂತ ನಾ ಹೇಳೋದಿಲ್ಲ. ಹಂಗ ಹೇಳಾಕ ಆ ಕುಣಿಯಾಗ ಇಳಿದವರಿಗೆ ಅಷ್ಟ ಹಕ್ಕು ಐತಿ.

ನಾವು ಶರಣರ ಹೆಸರು ಹೇಳೋ ಮನ್ಯಾಗ ಬೆಳೆದವರು. ಹನ್ನೆರಡನೇ ಶತಮಾನದ ಶರಣರೊಳಗ ಡೋಹರ ಕಕ್ಕಯ್ಯ ತೊಗಲು ಹದಾ ಮಾಡೋ ಕಸುಬಿನವರು. ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರನ್ನ ತಮ್ಮ ಮನಿ ಹಿರಿಯರು ಅಂತ ಕರಕೊಂಡ್ರು. ಖಾನಾಪುರ ತಾಲೂಕಿನ ಕಕ್ಕೇರಿಯೊಳಗ ಕಕ್ಕಯ್ಯನವರ ಸಮಾಧಿ ಐತಿ, ನಮ್ಮವರು ಹೋಗಿ ಕಾಯಿ ಒಡಿಸಿಕೊಂಡು ಬಂದಾರ. ಕಕ್ಕಯ್ಯನವರ ಸಮಾಧಿಗೆ ಕೈ ಮುಗಿದ ನಮ್ಮ ಅಮ್ಮ ತಂಗಡೆವ್ವನ ಸೆರಗಿಗೆ ಮರ ತಾಕಸತಿರಲಿಲ್ಲ. 1950ರಿಂದ ಸಂವಿಧಾನದ 17ನೇ ವಿಧಿಯೊಳಗ ಅಸ್ಪೃಶ್ಯತೆ ಅಪರಾಧ. ನಂಗ ಎರಡನೇ ಸ್ನಾನ ಮಾಡಿಸಿದ್ದು ಅದಾಗಿ ಮೂವತ್ತು ವರ್ಷದ ಸುಮಾರಿಗೆ. ಅಮ್ಮ ಕೆಟ್ಟಾಕಿ ಅಲ್ಲ, ಬ್ಯಾಸಿಗ್ಯಾಗ ದಾರಿ ಹೋಕರಿಗೆಲ್ಲಾ ಮಜ್ಜಿಗಿ ಕೊಡಾಕಿ. ಆದ್ರೂ ಆಕಿ ಮಾಡಿದ್ದು ತಪ್ಪು. ಎರಡೂ ಖರೇನ.

ಈಗ ಗಿಡದ ವಿಷಯಕ್ಕ ಬರತೀನಿ.

ಮೊದಲನೇ ಸಲ ನಾ ಊರಿಂದ ಬರೋವಾಗ ರಸ್ತೆ ಬದೀದು ಒಂದು ಸಣ್ಣ ಗಿಡ ಕಿತ್ತು ತಂದೆ. ನಾಕು ದಿನಕ್ಕ ಒಣಗಿತು. ತಂಗಡಿಗೆ ತಾಯಿಬೇರು ಆಳಕ್ಕ ಇಳಿದಿರತೈತಿ, ಅದು ಹರಿದ್ರ ಬದುಕೋದು ಕಷ್ಟ. ಎರಡನೇ ಸಲ ಬೀಜ ಹಾಕಿದೆ, ಬಚ್ಚಲ ನೀರು ಹರಿಯೋ ಜಾಗಾದಾಗ. ಮಾರುದ್ದ ಬೆಳೀತು, ಆಮ್ಯಾಲೆ ಎಲಿ ಹಳದಿಯಾಗಿ ಬೇರು ಕೊಳೀತು. ನೀರಿಲ್ಲದ ಸಾಯದ ಗಿಡ ನಾ ನೀರು ಹಾಕಿ ಕೊಂದೆ.

ಮೂರನೇ ಸಲ ಸರಿಯಾತು. ಹಿಂಗ ಮಾಡ್ರಿ. ಚಳಿಗಾಲ ಮುಗಿಯೋ ಹೊತ್ತಿಗೆ ಚಪ್ಪಟಿ ಕಾಯಿ ಒಣಗಿ ಕಾಗದದಂಗ ಆಗಿರತಾವು. ಬಿಡಿಸಿ ಬೀಜ ತಗೀರಿ. ಬೀಜದ ಸಿಪ್ಪಿ ಭಾಳ ಗಟ್ಟಿ, ಹಂಗ ಹಾಕಿದ್ರ ಕೆಲವು ತಿಂಗಳಗಟ್ಟಲೆ ಮೊಳಕಿ ಬರೋದಿಲ್ಲ. ಕುದಿಸಿ ಇಳಿಸಿದ ಬಿಸಿನೀರಿನಾಗ ಹಾಕಿ ರಾತ್ರಿಯೆಲ್ಲಾ ಬಿಡ್ರಿ. ಮುಂಜಾನಿ ಉಬ್ಬಿದ ಬೀಜ ಆರಿಸಿ, ಮುಂಗಾರು ಶುರು ಆದ ಮ್ಯಾಲೆ ಗಿಡ ಎಲ್ಲಿರಬೇಕೋ ಅಲ್ಲೇ ಎರಡೆರಡು ಬೀಜ ಅರ್ಧ ಇಂಚು ಆಳಕ್ಕ ಹಾಕ್ರಿ. ಚೀಲದಾಗ ಬೆಳಸೋದಾದ್ರ ಗೇಣುದ್ದ ಆಗೋದ್ರಾಗ ಮಣ್ಣು ಒಡೀದಂಗ ನೆಲಕ್ಕ ಹಚ್ಚಿಬಿಡ್ರಿ.

ಪೂರಾ ಬಿಸಿಲು ಬೇಕು. ನೆರಳಿನಾಗ ಹೂ ಬಿಡೋದಿಲ್ಲ. ಎರಿ ಮಣ್ಣಿದ್ರ ಕೆಳಗ ಗರಸು ಹಾಕಿ ಸ್ವಲ್ಪ ಎತ್ತರ ಮಾಡ್ರಿ, ನೀರು ನಿಲ್ಲಬಾರದು. ಮೊದಲ ಎರಡು ತಿಂಗಳು ಮಳಿ ಬರದಿದ್ರ ವಾರಕ್ಕ ಎರಡು ಸಲ ನೀರು, ಆಮ್ಯಾಲೆ ಗಿಡ ತಾನ ನೋಡಿಕೊಳ್ಳತೈತಿ. ಗೊಬ್ಬರ ಹೆಚ್ಚು ಹಾಕಿದ್ರ ಬರೇ ಎಲಿ ಬರತೈತಿ. ದೊಡ್ಡ ಹೂವಿನ ಹಂಗಾಮು ಮುಗಿದ ಮ್ಯಾಲೆ ಮೂರರಾಗ ಒಂದು ಪಾಲು ಟೊಂಗಿ ಕತ್ತರಿಸಿದ್ರ ಗಿಡ ದುಂಡಗ ಆಗತೈತಿ. ಕತ್ತರಿಸಿದ್ದು ಬಿಸಾಡಬ್ಯಾಡ್ರಿ, ಎಲಿ ಛಲೋ ಹಸಿರು ಗೊಬ್ಬರ.

ಹಸಿರು ಹುಳ ಎಲಿ ತಿಂತಾವು. ಔಷಧ ಹೊಡೀಬ್ಯಾಡ್ರಿ, ಅವ ಮುಂದ ತಿಳಿ ಹಳದಿ ಪಾತರಗಿತ್ತಿ ಆಗತಾವು. ಮುಂಜಾನಿ ಕರೀ ದುಂಬಿ ಬಂದು ಹೂವು ಹಿಡಕೊಂಡು ಗುಂಯ್ ಅಂತ ನಡುಗಸತೈತಿ. ಈ ಹೂವಿನಾಗ ಜೇನು ಇಲ್ಲ, ಹಂಗ ನಡುಗಿಸಿದಾಗ ಮಾತ್ರ ಪರಾಗ ಉದುರತೈತಿ. ನಮ್ಮ ಅತ್ತಿಯವರು ಈಗ ಚಹಾದ ಬಟ್ಟಲ ಹಿಡಕೊಂಡು ಅದನ್ನ ನೋಡಕೋತ ಕೂಡತಾರ.

ಒಂದು ಮಾತು. ಸಕ್ಕರಿ ಬ್ಯಾನಿಗೆ ತಂಗಡಿ ಹೂವಿನ ಕಷಾಯ ಅಂತ ಭಾಳ ಮಂದಿ ಕೇಳತಾರ. ಶ್ರೀಲಂಕಾದಾಗ ರಣವರ ಚಹಾ ಕುಡಿಯೋ ರೂಢಿ ಹಳೇದು. ಆದ್ರ ಗುಳಿಗಿ ಬಿಟ್ಟು ಇದನ್ನ ನಂಬಬ್ಯಾಡ್ರಿ, ಡಾಕ್ಟರನ್ನ ಕೇಳದ ಕುಡೀಬ್ಯಾಡ್ರಿ.

ಹೋದ ವರ್ಷ ತವರಿಗೆ ಹೋದಾಗ ನಾ ತಂಗಡೆವ್ವನ ಕೇರಿಗೆ ಹೋಗಿದ್ದೆ. ಸುಣ್ಣದ ಕುಣಿ ಮುಚ್ಚಿ ಅದರ ಮ್ಯಾಲೆ ಮನಿ ಆಗ್ಯಾವು. ಆಕಿ ಸೊಸಿ ಇದ್ದಾಳ, ವಯಸ್ಸಾಗೇತಿ. ಮೊಮ್ಮಕ್ಕಳು ದಾವಣಗೆರೆ, ಬೆಂಗಳೂರಿನಾಗ ಕೆಲಸದಾಗ ಅದಾರ. ನಾ ಯಾರ ಮಗಳು ಅಂತ ಹೇಳಿದೆ. ಒಳಗ ಕರೆದು ಚಹಾ ಕೊಟ್ಲು. “ನಿಮ್ಮ ಅತ್ತಿಯವರ ಹೆಸರು ಏನಿತ್ತ್ರಿ?” ಅಂತ ಕೇಳಿದೆ. ಆಕಿ ನನ್ನ ಮುಖಾ ನೋಡಿದ್ಲು. “ಇಷ್ಟು ವರ್ಷದ ಮ್ಯಾಲೆ ಕೇಳಾಕ ಬಂದೀರಿ?” ಅಂದ್ಲು. ನಾ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮ್ಯಾಲೆ ಹೆಸರು ಹೇಳಿದ್ಲು.

ಆ ಹೆಸರು ಇಲ್ಲಿ ಬರೆಯೋದಿಲ್ಲ, ಅವರನ್ನ ಕೇಳದ ಬರೆಯೋದು ಸರಿ ಅಲ್ಲ. ಮನಿಗೆ ಬಂದು ಅತ್ತಿಯವರಿಗೆ ಹೇಳಿದೆ. ಈ ಸಲ ದೀಪಾವಳಿಗೆ ಅವರ ಗೇಟಿನ ಹತ್ರ ಹೋಗಿ ಗಿಡದಿಂದ ಹೂವು ಹರಕೊಂಡು ಬಂದ್ರು. ನೀರು ಚಿಮಕಿಸಲಿಲ್ಲ.

ಬೀಜ ಬೇಕಾದವರು ಹೇಳ್ರಿ, ಮಾಘದಾಗ ಕಾಯಿ ಒಣಗತಾವು, ತಗದಿಡತೀನಿ.